ಗುದನಾಳದ ಕ್ಯಾನ್ಸರ್‌ಗೆ ಯಾವ ಆಪರೇಶನ್? ಕೈಯಲ್ಲಿ ಕಾಸು ಕಡಿಮೆ ಇರುವ ಮನೆಯವರು ಹೋಲಿಸಿ ನೋಡುವ ಬಗೆ

"ಸಿಸ್ಟ್ರೇ, ಹೊಟ್ಟೆ ಮ್ಯಾಲೆ ಚೀಲ ಇಡದಂಗೆ ಆಪ್ರೇಸನ್ ಎಲ್ಲಿ ಮಾಡ್ತಾರೆ?"

ಗುದನಾಳದಲ್ಲಿ ಗಡ್ಡೆ ಇದೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ ಎಂದು ಫೈಲು ಹಿಡಿದು ಬರುವ ಮನೆಯವರು ನನ್ನನ್ನು ಮೊದಲು ಕೇಳುವುದು ಇದನ್ನೇ. ಚೀಲ ಎಂದರೆ, ಕರುಳನ್ನು ಹೊಟ್ಟೆಯ ಮೇಲೆ ತೆರೆದಿಟ್ಟಾಗ ಮಲ ತುಂಬಿಕೊಳ್ಳಲು ಆ ಜಾಗಕ್ಕೆ ಅಂಟಿಸುವ ಚೀಲ. ಮೈಸೂರಿನಲ್ಲಿ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸಾಗಿ ದುಡಿದು ನಿವೃತ್ತಳಾದ ಮೇಲೆ ಮಂಡ್ಯದಲ್ಲಿ ನೆಲೆಸಿದ್ದೇನೆ. ಪಾಂಡವಪುರ, ಮಳವಳ್ಳಿ, ಕೆ.ಆರ್. ಪೇಟೆ ಕಡೆಯವರು ಈಗಲೂ ವಿಚಾರಿಸಿಕೊಂಡು ಬರುತ್ತಾರೆ. ಕತ್ತರಿ ಹಿಡಿದವಳು ನಾನಲ್ಲ. ಆಪರೇಶನ್ ಆದವರನ್ನು ಎಬ್ಬಿಸಿ ಕೂರಿಸಿ, ಚೀಲ ಬದಲಿಸುವುದನ್ನು ಕಲಿಸಿ ಊರಿಗೆ ಕಳಿಸುತ್ತಿದ್ದೆ. ಅವರಲ್ಲಿ ಎಷ್ಟೋ ಜನ ತಿಂಗಳುಗಳ ಮೇಲೆ ತಿರುಗಿ ಬಂದಾಗ ಹೇಗಿದ್ದರು ಎಂಬುದನ್ನೂ ನೋಡಿದ್ದೇನೆ. ಅಲ್ಲಿಂದ ಬಂದ ಮಾತು ಇದು.

ಯಾವ ಆಪರೇಶನ್ ಸಾಧ್ಯ ಎಂದು ಹೇಳುವುದು ಸರ್ಜನ್. ಆದರೆ ಎಷ್ಟೋ ಸಲ ಒಂದಕ್ಕಿಂತ ಹೆಚ್ಚು ದಾರಿ ಇರುತ್ತದೆ. ಆಗ ಚೀಲ ಇದೆಯೋ ಇಲ್ಲವೋ ಎಂಬ ಒಂದೇ ಅಳತೆಯಿಂದ ಅಳೆಯಬೇಡಿ. ಆಪರೇಶನ್ ಆದ ನಂತರದ ಪೂರ್ತಿ ಒಂದು ವರ್ಷವನ್ನು ಹೋಲಿಸಿ. ಎಷ್ಟು ಸಲ ಆಪರೇಶನ್ ಟೇಬಲ್ ಮೇಲೆ ಮಲಗಬೇಕು, ಎಷ್ಟು ತಿಂಗಳು ಕೂಲಿ ನಿಲ್ಲುತ್ತದೆ, ನಡುರಾತ್ರಿ ಜ್ವರ ಬಂದರೆ ಎಷ್ಟು ದೂರ ಓಡಬೇಕು, ತಿಂಗಳು ತಿಂಗಳು ಕೈಯಿಂದ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿ. ದುಡ್ಡಿದ್ದವರಿಗೆ ಒಳ್ಳೆಯದಾದ ಆಪರೇಶನ್, ನಾಲೆ ಆಚೆಯ ಹಳ್ಳಿಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಒಳ್ಳೆಯದಾಗಲೇಬೇಕೆಂದಿಲ್ಲ.

ಮೊದಲು ಗಡ್ಡೆ ಎಲ್ಲಿದೆ ಎಂದು ತಿಳಿದುಕೊಳ್ಳಿ

ಗುದನಾಳ ಎಂದರೆ ದೊಡ್ಡಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್. ಗುದದ್ವಾರದ ಅಂಚಿನಿಂದ 5 ಸೆಂಟಿಮೀಟರ್‌ವರೆಗೆ ಕೆಳಭಾಗ, 5ರಿಂದ 10 ನಡುಭಾಗ, 10ರಿಂದ 15 ಮೇಲ್ಭಾಗ. ಗಡ್ಡೆಯ ಕೆಳ ಅಂಚು ಎಷ್ಟು ಸೆಂಟಿಮೀಟರ್ ಮೇಲಿದೆ ಎಂಬ ಒಂದು ಸಂಖ್ಯೆಯಿಂದ ಅರ್ಧ ತೀರ್ಮಾನ ಆಗಿಬಿಡುತ್ತದೆ. ಆ ಸಂಖ್ಯೆಯನ್ನು ಡಾಕ್ಟರ ಹತ್ತಿರ ಕೇಳಿ ಬರೆದುಕೊಳ್ಳಿ. ಸರ್ಜನ್ ತಾವೇ ಬೆರಳಿಟ್ಟು ನೋಡಿದ್ದಾರೆಯೇ ಎಂಬುದೂ ಮುಖ್ಯ, ಏಕೆಂದರೆ ಗಡ್ಡೆ ಬಿಗಿ ಸ್ನಾಯುವಿಗೆ (ಮಲ ಹಿಡಿದಿಡುವ, ಗುದದ್ವಾರದ ಸುತ್ತಲಿನ ಸ್ನಾಯು) ಅಂಟಿಕೊಂಡಿದೆಯೇ, ಬೆರಳಿಗೆ ಅಲ್ಲಾಡುತ್ತದೆಯೇ ಎಂಬುದು ಕೈಗೇ ಚೆನ್ನಾಗಿ ತಿಳಿಯುತ್ತದೆ. ನಮ್ಮ ಕಡೆ ರಕ್ತ ಬಿದ್ದರೆ ಮೂಲವ್ಯಾಧಿ ಅಂದುಕೊಂಡು ತಿಂಗಳುಗಟ್ಟಲೆ ನಾಟಿ ಔಷಧಿ ಕುಡಿಯುತ್ತಾರೆ. ಒಂದು ಬೆರಳು ಪರೀಕ್ಷೆ ಆಗಿದ್ದರೆ ಎಷ್ಟೋ ಜನ ಮೊದಲೇ ಸಿಕ್ಕುತ್ತಿದ್ದರು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಬೇಕಾದದ್ದು ಪೂರ್ತಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳನ್ನು ನೋಡುವುದು), ಬಯಾಪ್ಸಿ, ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್, ಸಿಇಎ ಎಂಬ ರಕ್ತಪರೀಕ್ಷೆ, ಸೊಂಟದ ಭಾಗದ ಎಂಆರ್‌ಐ. "ಸಿಟಿ ಆಯ್ತಲ್ಲ, ಮತ್ತೆ ಎಂಆರ್‌ಐ ಯಾಕೆ" ಎಂದು ಉಳಿಸಲು ಹೋಗುವುದುಂಟು. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ. ಗುದನಾಳವನ್ನು ಸುತ್ತಲೂ ಒಂದು ಕೊಬ್ಬಿನ ಹೊದಿಕೆ ಸುತ್ತಿಕೊಂಡಿರುತ್ತದೆ, ಕ್ಯಾನ್ಸರ್ ಮೊದಲು ಹರಡುವ ದುಗ್ಧರಸ ಗ್ರಂಥಿಗಳು ಹೆಚ್ಚಾಗಿ ಅದರೊಳಗೇ ಇರುತ್ತವೆ. ಗಡ್ಡೆ ಆ ಹೊದಿಕೆಯ ಅಂಚಿನಿಂದ 1 ಮಿಲಿಮೀಟರ್‌ಗಿಂತ ಹತ್ತಿರ ಬಂದಿದ್ದರೆ, ನೇರ ಆಪರೇಶನ್‌ಗೆ ಹೋದಾಗ ಒಳಗೆ ಕ್ಯಾನ್ಸರ್ ಉಳಿದುಬಿಡುವ ಅಪಾಯ ಹೆಚ್ಚು. ಅದನ್ನು ತೋರಿಸುವುದು ಎಂಆರ್‌ಐ. ಮೊದಲು ರೇಡಿಯೇಶನ್ ಬೇಕೋ ಬೇಡವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಗಡ್ಡೆಯಿಂದ ದಾರಿ ಕಟ್ಟಿಕೊಂಡು ಹೊಟ್ಟೆ ಉಬ್ಬಿ, ವಾಂತಿಯಾಗಿ ಬಂದವರ ವಿಷಯ ಬೇರೆ. ಅವರಿಗೆ ಮೊದಲು ಕರುಳಿನ ಒಂದು ಕುಣಿಕೆಯನ್ನು ಹೊಟ್ಟೆಯ ಮೇಲೆ ತೆಗೆದು ಮಲ ಹೊರಹೋಗಲು ದಾರಿ ಮಾಡುತ್ತಾರೆ. ಇದು ಸಣ್ಣ ಆಪರೇಶನ್, ತಾಲ್ಲೂಕು ಜಿಲ್ಲಾ ಮಟ್ಟದಲ್ಲೂ ಆಗುವಂಥದ್ದು. ಜೀವ ಉಳಿಸಿಕೊಂಡು, ನಾಲ್ಕು ತುತ್ತು ತಿಂದು ಶಕ್ತಿ ಬಂದ ಮೇಲೆ ಮುಂದಿನದನ್ನು ನಿಧಾನವಾಗಿ ಯೋಚಿಸಬಹುದು. ಇಂಥ ತುರ್ತಿನಲ್ಲಿ "ಒಂದೇ ಸಲಕ್ಕೆ ಎಲ್ಲ ತೆಗೆದುಬಿಡಿ" ಎಂದು ಒತ್ತಾಯ ಮಾಡಬೇಡಿ.

ಇರುವ ದಾರಿಗಳು

ತುಂಬಾ ಚಿಕ್ಕದಾಗಿ, ಮೇಲ್ಪದರದಲ್ಲೇ ಇರುವ ಗಡ್ಡೆಯನ್ನು ಗುದದ್ವಾರದ ಮೂಲಕವೇ ಕೆತ್ತಿ ತೆಗೆಯಬಹುದು. 3 ಸೆಂಟಿಮೀಟರ್‌ಗಿಂತ ಚಿಕ್ಕದಿರಬೇಕು, ಗ್ರಂಥಿಗೆ ಹರಡಿರಬಾರದು, ಬಯಾಪ್ಸಿಯಲ್ಲಿ ಕೆಟ್ಟ ಗುಣ ಇರಬಾರದು. ನಮ್ಮ ವಾರ್ಡಿಗೆ ಅಷ್ಟು ಬೇಗ ಬಂದವರು ಅಪರೂಪ, ಹಾಗಾಗಿ ಇದನ್ನು ಇಷ್ಟಕ್ಕೇ ಬಿಡುತ್ತೇನೆ.

ಗಡ್ಡೆ ಮೇಲ್ಭಾಗದಲ್ಲಿದ್ದರೆ ಆ ತುಂಡನ್ನು ತೆಗೆದು ಕರುಳನ್ನು ಮತ್ತೆ ಜೋಡಿಸುತ್ತಾರೆ. ಇದಕ್ಕೆ ಆಂಟೀರಿಯರ್ ರಿಸೆಕ್ಷನ್ ಎನ್ನುತ್ತಾರೆ. ಹೆಚ್ಚಿನವರಿಗೆ ಚೀಲ ಬೇಕಾಗುವುದಿಲ್ಲ, ಎಷ್ಟೋ ಜನರಿಗೆ ರೇಡಿಯೇಶನ್ನೂ ಬೇಕಾಗುವುದಿಲ್ಲ. ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಕಷ್ಟದ ಆಯ್ಕೆ ಇರುವುದು ನಡುಭಾಗ, ಕೆಳಭಾಗದ ಗಡ್ಡೆಗಳಲ್ಲಿ.

ಒಂದು ದಾರಿ ಲೋ ಆಂಟೀರಿಯರ್ ರಿಸೆಕ್ಷನ್. ಗುದನಾಳವನ್ನು ಕೊಬ್ಬಿನ ಹೊದಿಕೆಯ ಸಮೇತ ತೆಗೆದು, ಮೇಲಿನ ಕರುಳನ್ನು ಕೆಳಗೆಳೆದು ಜೋಡಿಸುತ್ತಾರೆ. ಜೋಡಿಸಿದ ಜಾಗ ಒಣಗುವವರೆಗೆ ಮಲ ಅಲ್ಲಿಗೆ ಹೋಗದಿರಲಿ ಎಂದು ಸಣ್ಣಕರುಳನ್ನು ಹೊಟ್ಟೆಯ ಮೇಲೆ ತೆಗೆದು ತಾತ್ಕಾಲಿಕ ಚೀಲ ಹಾಕುತ್ತಾರೆ. ಆ ತೆರೆಪನ್ನು ಮುಚ್ಚಿ ಕರುಳನ್ನು ಒಳಗೆ ಸೇರಿಸಲು ಇನ್ನೊಂದು ಆಪರೇಶನ್; 'ಚೀಲ ಮುಚ್ಚುವುದು' ಎನ್ನುವುದು ಇದನ್ನೇ. ಅಂದರೆ 'ಚೀಲ ಇಲ್ಲದ ಆಪರೇಶನ್' ಎಂದು ಜನ ಹುಡುಕುವ ಇದರಲ್ಲೂ ಕೆಲವು ತಿಂಗಳು ಚೀಲ ಇರುತ್ತದೆ. ಇದನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಇನ್ನೊಂದು ದಾರಿ ಎಪಿಆರ್. ಇಂಗ್ಲೆಂಡಿನ ಅರ್ನೆಸ್ಟ್ ಮೈಲ್ಸ್ ಎಂಬ ಸರ್ಜನ್ 1908ರಲ್ಲೇ ವಿವರಿಸಿದ್ದು. ಗುದನಾಳ, ಬಿಗಿ ಸ್ನಾಯು, ಗುದದ್ವಾರ ಎಲ್ಲವನ್ನೂ ತೆಗೆದು, ಕೆಳಗೆ ಹೊಲಿದು ಮುಚ್ಚಿ, ದೊಡ್ಡಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಶಾಶ್ವತವಾಗಿ ತೆರೆದಿಡುತ್ತಾರೆ. ಗಡ್ಡೆ ಬಿಗಿ ಸ್ನಾಯುವನ್ನೇ ಹಿಡಿದಿದ್ದರೆ ಇದೇ ಸರಿಯಾದದ್ದು.

ಮೂರನೆಯದು ಹಾರ್ಟ್‌ಮನ್ ಆಪರೇಶನ್. ಗಡ್ಡೆ ತೆಗೆಯುತ್ತಾರೆ, ಕೆಳಗೆ ಉಳಿದ ತುಂಡನ್ನು ಹೊಲಿದು ಒಳಗೇ ಬಿಡುತ್ತಾರೆ, ಜೋಡಿಸುವುದಿಲ್ಲ, ಹೊಟ್ಟೆಯ ಮೇಲೆ ಶಾಶ್ವತ ಚೀಲ. ತೀರಾ ವಯಸ್ಸಾದವರಿಗೆ, ಹೃದಯ ಕಿಡ್ನಿ ದುರ್ಬಲ ಇದ್ದವರಿಗೆ, ಮಲ ಹಿಡಿದುಕೊಳ್ಳುವ ಶಕ್ತಿ ಮೊದಲೇ ಇಲ್ಲದವರಿಗೆ ಇದು ಮರ್ಯಾದೆಯ ದಾರಿ. ಕೆಳಗೆ ಉಳಿದ ತುಂಡಿನಿಂದ ಆಗಾಗ ಲೋಳೆ ಬರುತ್ತದೆ, ಕೆಲವರಿಗೆ ಒಳಗೆ ಕೀವು ಕಟ್ಟುತ್ತದೆ.

ರೇಡಿಯೇಶನ್, ಕೀಮೋ ಆದ ಮೇಲೆ ಗಡ್ಡೆ ಪೂರ್ತಿ ಕರಗಿಹೋದವರಲ್ಲಿ ಆಪರೇಶನ್ ಮಾಡದೆ ಕಾದು ನೋಡುವ ಪದ್ಧತಿಯೂ ಇದೆ. ಬ್ರೆಜಿಲಿನ ಆಂಜೆಲಿಟಾ ಹಬ್ರ್-ಗಾಮಾ ಎಂಬ ಸರ್ಜನ್ 2004ರಲ್ಲಿ ಪ್ರಕಟಿಸಿದ ವರದಿಯಿಂದ ಇದು ಹೆಸರಾಯಿತು. ಕೇಳಲು ಆಸೆ ಹುಟ್ಟಿಸುತ್ತದೆ. ಆದರೆ ಇಂಥವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತದೆ, ಹೆಚ್ಚಾಗಿ ಮೊದಲ 2 ವರ್ಷದೊಳಗೆ. ಅದನ್ನು ಹಿಡಿಯಲು ಕೆಲವೇ ತಿಂಗಳಿಗೊಮ್ಮೆ ಸ್ಕೋಪಿ, ಬೆರಳು ಪರೀಕ್ಷೆ, ಎಂಆರ್‌ಐ ತಪ್ಪದೆ ಆಗಬೇಕು. ನಾಟಿ ಸಮಯ, ಕಬ್ಬು ಕಡಿಯುವ ಸಮಯ, ಮಗಳ ಬಾಣಂತನ ಎಂದು ಎರಡು ತಪಾಸಣೆ ತಪ್ಪಿಸುವ ಮನೆಯಾದರೆ ಈ ದಾರಿ ಬೇಡ ಎಂದೇ ನಾನು ಹೇಳುತ್ತೇನೆ. ಇನ್ನೂ ಒಂದು ಎಚ್ಚರಿಕೆ: ರೇಡಿಯೇಶನ್ ಆದ ಮೇಲೆ ರಕ್ತ ನಿಂತು ನೋವು ಹೋಗಿ, "ವಾಸಿ ಆಯ್ತಲ್ಲ ಬುಡಿ" ಎಂದು ಆಪರೇಶನ್‌ಗೆ ಬಾರದೇ ಉಳಿದುಬಿಡುವವರು ಬಹಳ. ಅದು ಕಾದು ನೋಡುವ ಪದ್ಧತಿ ಅಲ್ಲವೇ ಅಲ್ಲ. ಅಂಥವರು ವಾಪಸು ಬಂದಾಗ ಎಷ್ಟೋ ಸಲ ಆಪರೇಶನ್‌ಗೆ ಅವಕಾಶವೇ ಇರುವುದಿಲ್ಲ.

ಜೋಡಿಸಿದ ಕರುಳು ಸೋರಿದರೆ

ಲೋ ಆಂಟೀರಿಯರ್ ಮತ್ತು ಎಪಿಆರ್ ಎರಡೂ ಸಾಧ್ಯವಿದ್ದಾಗ ಹೋಲಿಕೆಯ ಮುಖ್ಯ ಜಾಗ ಇದು. ಕರುಳನ್ನು ಎಲ್ಲಿ ಜೋಡಿಸುತ್ತಾರೋ ಅಲ್ಲಿ ಸೋರುವ ಅಪಾಯ ಇದ್ದೇ ಇದೆ. ಗುದದ್ವಾರಕ್ಕೆ ಹತ್ತಿರವಾದಷ್ಟೂ ಹೆಚ್ಚು. ಒಟ್ಟಾರೆ ಹತ್ತರಲ್ಲಿ ಒಬ್ಬರಿಗೆ ಆಗುತ್ತದೆ ಎಂದು ಇಟ್ಟುಕೊಳ್ಳಿ. ಸ್ವೀಡನ್ನಿನಲ್ಲಿ ಮಾಡಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾತ್ಕಾಲಿಕ ಚೀಲ ಇಡದವರಲ್ಲಿ ನೂರಕ್ಕೆ 28 ಜನರಿಗೆ, ಇಟ್ಟವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಸೋರಿಕೆ ಆಯಿತು. ಹಾಗಾಗಿ ತೀರಾ ಕೆಳಗೆ ಜೋಡಿಸುವಾಗ ಸರ್ಜನ್ ತಾತ್ಕಾಲಿಕ ಚೀಲ ಬೇಕು ಎಂದರೆ ಬೇಡ ಎನ್ನಬೇಡಿ.

ಸೋರಿದರೆ ಜ್ವರ, ಹೊಟ್ಟೆನೋವು, ನಾಡಿ ಓಡುವುದು. ಆಪರೇಶನ್ ಆದ ಮೊದಲ ಹತ್ತು ಹದಿನೈದು ದಿನದೊಳಗೆ ಕಾಣಿಸುವುದು ಹೆಚ್ಚು, ಅಂದರೆ ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೇಲೂ ಆಗಬಹುದು. ಆಗ ಬೇಕಾಗುವುದು ಸಿಟಿ ಸ್ಕ್ಯಾನ್, ಆಪರೇಶನ್ ಥಿಯೇಟರ್, ರಕ್ತ, ಐಸಿಯು, ಎಲ್ಲವೂ ರಾತ್ರಿಯಲ್ಲಿ ಬೇಕಾಗಬಹುದು. ಡಾಕ್ಟರ ಮುಂದೆ ನೇರವಾಗಿ ಕೇಳಿ: "ಸೋರಿದರೆ ಇದೇ ಆಸ್ಪತ್ರೆಯಲ್ಲಿ ನೋಡುತ್ತೀರಾ, ಬೇರೆ ಕಡೆ ಕಳಿಸುತ್ತೀರಾ? ಅದರ ಖರ್ಚು ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಬರುತ್ತದಾ?" ಡಿಸ್ಚಾರ್ಜ್ ಆದ ಮೇಲೆ ಎರಡು ವಾರ ಮೈಸೂರಿನಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಉಳಿಯಲು ಆಗುವುದಾದರೆ ಉಳಿಯಿರಿ. ನಾಗಮಂಗಲದ ಆಚೆಯ ಹಳ್ಳಿಯಿಂದ ರಾತ್ರಿ ಗಾಡಿ ಮಾಡಿಕೊಂಡು ಬರುವಷ್ಟರಲ್ಲಿ ಕಳೆದುಹೋಗುವ ಗಂಟೆಗಳು ಬಹಳ ದುಬಾರಿ.

ಎಪಿಆರ್ ಮತ್ತು ಹಾರ್ಟ್‌ಮನ್‌ನಲ್ಲಿ ಜೋಡಣೆಯೇ ಇಲ್ಲ, ಹಾಗಾಗಿ ಈ ಭಯ ಇಲ್ಲ. ಎಪಿಆರ್‌ನಲ್ಲಿ ಕಾಟ ಕೊಡುವುದು ಕೆಳಗಿನ ಗಾಯ. ಮೊದಲು ರೇಡಿಯೇಶನ್ ಆದವರಿಗೆ ಅದು ಒಣಗಲು ವಾರಗಟ್ಟಲೆ ಹಿಡಿಯುತ್ತದೆ, ದಿನಾ ಡ್ರೆಸ್ಸಿಂಗ್, ನೆಲದ ಮೇಲೆ ಕೂರಲಾಗದು, ಬೈಕಿನಲ್ಲಿ ಹೋಗಲಾಗದು. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ನಿಧಾನ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.

ತಾತ್ಕಾಲಿಕ ಚೀಲ ನಿಜವಾಗಿ ತಾತ್ಕಾಲಿಕವೇ?

ಪುಸ್ತಕದ ಪ್ರಕಾರ 8ರಿಂದ 12 ವಾರಕ್ಕೆ ಮುಚ್ಚಬಹುದು. ನಡುವೆ ಕೀಮೋ ಇದ್ದರೆ ಅದು ಮುಗಿಯುವವರೆಗೆ ಕಾಯಿಸುವುದುಂಟು, ಆಗ ಅರ್ಧ ವರ್ಷ ದಾಟುತ್ತದೆ. ತಾತ್ಕಾಲಿಕ ಎಂದು ಇಟ್ಟ ಚೀಲಗಳಲ್ಲಿ ಐದರಲ್ಲಿ ಒಂದರಷ್ಟು ಕೊನೆಗೂ ಮುಚ್ಚದೇ ಉಳಿಯುತ್ತವೆ ಎಂದು ಹೊರದೇಶದ ಅಧ್ಯಯನಗಳೇ ಹೇಳುತ್ತವೆ. ಸೋರಿಕೆ, ಕ್ಯಾನ್ಸರ್ ಹರಡುವುದು, ವಯಸ್ಸು ಎಲ್ಲವೂ ಕಾರಣ. ನಮ್ಮಲ್ಲಿ ಬೆಡ್ ಸಿಗದಿರುವುದು, ಬಸ್ ಚಾರ್ಜಿಗೆ ದುಡ್ಡಿಲ್ಲದಿರುವುದು ಸೇರಿಕೊಳ್ಳುತ್ತವೆ.

ಸಣ್ಣಕರುಳಿನ ಚೀಲದ ಸ್ವಭಾವ ಬೇರೆ. ಬರುವುದು ತೆಳು, ಉಪ್ಪು ನೀರೆಲ್ಲ ಹೋಗುತ್ತದೆ, ದಿನಕ್ಕೆ ಐದಾರು ಸಲ ಖಾಲಿ ಮಾಡಬೇಕು. ಅದು ಚರ್ಮಕ್ಕೆ ತಾಗಿದರೆ ಸುಟ್ಟಂತೆ ಕೆಂಪಾಗುತ್ತದೆ. ಮದ್ದೂರು ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವ ಒಬ್ಬರು ಆಪರೇಶನ್ ಆಗಿ ಬೇಗನೇ ಕೆಲಸಕ್ಕೆ ಹೋದರು. ಕಿಡ್ನಿಗೆ ನೀರಿಲ್ಲದೆ ಮೂತ್ರ ನಿಂತು ಬಂದು ಮತ್ತೆ ಅಡ್ಮಿಟ್ ಆದರು. ಈ ಚೀಲ ಇದ್ದವರು ಮತ್ತೆ ಆಸ್ಪತ್ರೆ ಸೇರುವುದಕ್ಕೆ ನಿರ್ಜಲೀಕರಣ ಒಂದು ದೊಡ್ಡ ಕಾರಣ. ದಿನಕ್ಕೆ ಒಂದೂವರೆ ಲೀಟರ್‌ಗಿಂತ ಹೆಚ್ಚು ಹೋದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಬರೀ ನೀರು ಕೊಡ ಕೊಡ ಕುಡಿಯಬೇಡಿ, ಅದರಿಂದ ಹರಿಯುವುದು ಇನ್ನೂ ಹೆಚ್ಚುತ್ತದೆ. ಓಆರ್‌ಎಸ್ ಕುಡಿಯಿರಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜೊತೆಗೆ ಉಪ್ಪು ಹಾಕಿದ ಗಂಜಿ. ಕೀಮೋ ಮಾತ್ರೆ ನುಂಗುವಾಗ ಭೇದಿ ಶುರುವಾದರೆ ಮಾತ್ರೆ ಮುಂದುವರಿಸುವ ಮುಂಚೆ ಡಾಕ್ಟರಿಗೆ ಫೋನು ಮಾಡಿ.

ಹೀಗಾಗಿ ಬಿಸಿಲಲ್ಲಿ ದುಡಿಯುವವರು, ಆಸ್ಪತ್ರೆಗೆ ದೂರ ಇರುವವರು ಒಂದು ಪ್ರಶ್ನೆ ಕೇಳಬಹುದು: ತಾತ್ಕಾಲಿಕ ಚೀಲವನ್ನು ಸಣ್ಣಕರುಳಿನ ಬದಲು ದೊಡ್ಡಕರುಳಿನಿಂದ ಮಾಡಲು ಆಗುತ್ತದೆಯೇ? ಅದರಿಂದ ಬರುವುದು ಗಟ್ಟಿ, ನೀರು ಹೋಗುವುದು ಕಡಿಮೆ. ವಾಸನೆ ಮತ್ತು ಕರುಳು ಹೊರಜಾರುವ ತೊಂದರೆ ಅದರಲ್ಲಿ ಹೆಚ್ಚು. ಎರಡಕ್ಕೂ ತೂಕ ಇದೆ. ಸರ್ಜನ್‌ಗಳಲ್ಲೂ ಇದರ ಬಗ್ಗೆ ಒಮ್ಮತ ಇಲ್ಲ.

ಚೀಲ ಮುಚ್ಚಿದ ಮೇಲೂ ಎಲ್ಲವೂ ಮೊದಲಿನ ಹಾಗೆ ಆಗುವುದಿಲ್ಲ. ಮಲ ಕೂಡಿಟ್ಟುಕೊಳ್ಳುವ ಜಾಗವೇ ಹೋಗಿರುವುದರಿಂದ ಕೆಲವರು ದಿನಕ್ಕೆ ಹತ್ತಾರು ಸಲ ಓಡುತ್ತಾರೆ, ಒಂದು ಗಂಟೆಯೊಳಗೆ ನಾಲ್ಕು ಸಲ, ತಡೆಯಲಾಗದ ಅವಸರ, ರಾತ್ರಿ ಬಟ್ಟೆ ಹಾಳಾಗುವುದು. ಹತ್ತರಲ್ಲಿ ಸುಮಾರು ನಾಲ್ವರಿಗೆ ಇದು ತೀವ್ರವಾಗಿಯೇ ಇರುತ್ತದೆ. ಗಡ್ಡೆ ತೀರಾ ಕೆಳಗಿದ್ದು ರೇಡಿಯೇಶನ್ನೂ ಆಗಿದ್ದರೆ ಇನ್ನೂ ಜಾಸ್ತಿ. ಒಂದೆರಡು ವರ್ಷದಲ್ಲಿ ಸುಧಾರಿಸುತ್ತದೆ, ಎಲ್ಲರಿಗೂ ಪೂರ್ತಿ ಅಲ್ಲ. ಬಸ್ ಕಂಡಕ್ಟರ್, ಗಾರೆ ಕೆಲಸದವರು, ಗದ್ದೆ ಬಯಲಿನಲ್ಲಿ ನಾಟಿ ಹಾಕುವ ಹೆಂಗಸರು ಇದನ್ನು ಹೇಗೆ ನಿಭಾಯಿಸಬೇಕು? ಅದಕ್ಕೇ ಆಪರೇಶನ್‌ಗೆ ಮುಂಚೆ ನಿಮ್ಮನ್ನು ನೀವು ಕೇಳಿಕೊಳ್ಳಿ: ಗಡ್ಡೆ ಬರುವ ಮೊದಲು ಮಲ, ಗಾಳಿ ಹಿಡಿದುಕೊಳ್ಳಲು ಆಗುತ್ತಿತ್ತೇ? ಹೆಚ್ಚು ಹೆರಿಗೆ ಆದ, ಹೆರಿಗೆಯಲ್ಲಿ ಹರಿದುಹೋಗಿದ್ದ ಎಷ್ಟೋ ತಾಯಂದಿರು ಇದನ್ನು ನಾಚಿಕೆಯಿಂದ ಡಾಕ್ಟರಿಗೆ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ. ಮೊದಲೇ ಸಡಿಲ ಇದ್ದ ಸ್ನಾಯುವಿನ ಮೇಲೆ ಕರುಳು ಜೋಡಿಸಿಕೊಂಡು ಮನೆಯಿಂದ ಹೊರಗೆ ಕಾಲಿಡಲಾಗದೆ ಕೂತವರನ್ನು ನಾನು ಬಲ್ಲೆ. ಶಾಶ್ವತ ಚೀಲ ಹಾಕಿಕೊಂಡು ಸಂತೆಗೆ, ಮದುವೆಗೆ, ಮಹದೇಶ್ವರ ಬೆಟ್ಟಕ್ಕೆ ಹೋಗಿಬರುವವರನ್ನೂ ಬಲ್ಲೆ. ಕಾಕ್ರೇನ್ ಸಂಸ್ಥೆ 2012ರಲ್ಲಿ ಎರಡೂ ಬಗೆಯ ರೋಗಿಗಳ ಬದುಕಿನ ಬಗ್ಗೆ ಬಂದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಶಾಶ್ವತ ಚೀಲದವರ ಬದುಕು ಕೀಳು ಎಂದು ತೀರ್ಮಾನಿಸಲು ಆಗಲಿಲ್ಲ.

ಚೀಲದ ಜಾಗವನ್ನು ಮೊದಲೇ ಗುರುತು ಹಾಕಿಸಿ

ಯಾವ ಆಪರೇಶನ್ ಆದರೂ ಇದನ್ನು ಬಿಡಬೇಡಿ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆಪರೇಶನ್‌ನ ಹಿಂದಿನ ದಿನ ನರ್ಸ್ ಅಥವಾ ಡಾಕ್ಟರ್ ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಹಾಕಬೇಕು. ಮಲಗಿದಾಗ ನೋಡಿದರೆ ಸಾಲದು. ಕುರ್ಚಿಯಲ್ಲಿ ಕೂರಿ, ನಿಲ್ಲಿ, ಬಗ್ಗಿ, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಕುಕ್ಕರುಗಾಲಿನಲ್ಲಿ ಕೂತು ತೋರಿಸಿ. ಕಳೆ ಕೀಳುವವರು, ಒಲೆ ಮುಂದೆ ಕೂರುವವರು ದಿನವೆಲ್ಲ ಹಾಗೇ ಇರುತ್ತಾರಲ್ಲ. ಹೊಟ್ಟೆಯ ಮಡಿಕೆ, ಹೊಕ್ಕಳು, ಹಳೆಯ ಹೊಲಿಗೆ ಗುರುತಿನಿಂದ ದೂರ ಇರಬೇಕು. ಉಡಿದಾರ ಕೂರುವ ಜಾಗ, ಲಂಗದ ಲಾಡಿ, ಸೀರೆ ನೆರಿಗೆ ಸಿಕ್ಕಿಸುವ ಜಾಗ, ಪಂಚೆ ಬಿಗಿಯುವ ಜಾಗ ಇವನ್ನೂ ತಪ್ಪಿಸಬೇಕು. ನೀವು ಉಡುವ ಬಟ್ಟೆಯನ್ನೇ ಉಟ್ಟುಕೊಂಡು ಹೋಗಿ. ರೋಗಿಗೆ ತನ್ನ ಕಣ್ಣಿಗೆ ಅದು ಕಾಣುತ್ತದೆಯೇ, ಕೈಗೆ ಸಿಗುತ್ತದೆಯೇ ನೋಡಿ. ಸರಿಯಿಲ್ಲದ ಜಾಗದಲ್ಲಿ ಆದ ಸ್ಟೋಮಾ (ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ) ಒಂದು ದಿನಕ್ಕೆ ಎರಡು ಚೀಲ ನುಂಗುತ್ತದೆ. ಸರಿಯಾದ ಜಾಗದಲ್ಲಿದ್ದರೆ ಅಂಟಿಸಿದ್ದು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ನಿಲ್ಲುತ್ತದೆ. ತಿಂಗಳ ಖರ್ಚು ಅಲ್ಲೇ ಅರ್ಧಕ್ಕಿಳಿಯುತ್ತದೆ.

ಚೀಲ ಮೂರನೇ ಒಂದು ಭಾಗ ತುಂಬುವಾಗಲೇ ಖಾಲಿ ಮಾಡಿ, ಭಾರಕ್ಕೆ ಕಿತ್ತುಬರುವುದಿಲ್ಲ. ಸುತ್ತಲ ಚರ್ಮಕ್ಕೆ ಬರೀ ನೀರು, ಮೆತ್ತನೆಯ ಹಳೇ ಪಂಚೆ ಬಟ್ಟೆ ಸಾಕು. ಡೆಟಾಲ್, ಎಣ್ಣೆ, ಪೌಡರ್ ಹಚ್ಚಬೇಡಿ. ಮುದ್ದೆ, ಅನ್ನ, ಮೊಸರು ಧಾರಾಳ ಊಟ ಮಾಡಬಹುದು. ಸಣ್ಣಕರುಳಿನ ಚೀಲದವರು ಹಲಸು, ಕೊಬ್ಬರಿ, ಮುಸುಕಿನ ಜೋಳದಂಥ ನಾರಿನ ಪದಾರ್ಥ ಮೊದಲ ಕೆಲವು ವಾರ ಬಿಡಿ, ಆಮೇಲೂ ಚೆನ್ನಾಗಿ ಅಗಿದು ತಿನ್ನಿ, ಇಲ್ಲದಿದ್ದರೆ ಅಡ್ಡ ಸಿಕ್ಕಿಕೊಳ್ಳುತ್ತದೆ.

ಎಡಭಾಗದ ಶಾಶ್ವತ ಕೊಲೊಸ್ಟಮಿ (ದೊಡ್ಡಕರುಳಿನ ಸ್ಟೋಮಾ) ಇದ್ದವರಿಗೆ ಒಂದು ಅನುಕೂಲ ಇದೆ, ಅದನ್ನು ಹೇಳಿಕೊಡುವವರು ಕಡಿಮೆ. ದಿನ ಬಿಟ್ಟು ದಿನ, ಅಥವಾ ದಿನಾ ಒಂದೇ ಹೊತ್ತಿಗೆ, ಆ ತೆರೆಪಿನ ಮೂಲಕ ಸುಮಾರು ಒಂದು ಲೀಟರ್ ಬೆಚ್ಚಗಿನ ಶುದ್ಧ ನೀರು ಬಿಟ್ಟು ಕರುಳು ತೊಳೆಯುವ ವಿಧಾನ. ಅಭ್ಯಾಸವಾದರೆ ಉಳಿದ ಹೊತ್ತಿನಲ್ಲಿ ಏನೂ ಬರುವುದಿಲ್ಲ, ಒಂದು ಚಿಕ್ಕ ಮುಚ್ಚಳ ಸಾಕು. ಇರಿಗೇಶನ್ ಎನ್ನುತ್ತಾರೆ. ಶೌಚಾಲಯದಲ್ಲಿ ಮುಕ್ಕಾಲು ಗಂಟೆ ಬಿಡುವು, ಒಳ್ಳೆಯ ನೀರು, ಡಾಕ್ಟರ ಒಪ್ಪಿಗೆ, ಮೊದಲ ಸಲ ಕಲಿಸುವ ನರ್ಸ್ ಬೇಕು. ಚೀಲದ ಖರ್ಚು ತಾಳಲಾರದವರು ಇದನ್ನು ಖಂಡಿತ ಕೇಳಿ. ಮುಂಬೈಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆ ಇದೆ, ಸ್ಟೋಮಾ ಇದ್ದವರೇ ಸ್ಟೋಮಾ ಇದ್ದವರಿಗಾಗಿ ನಡೆಸುವುದು.

ರೇಡಿಯೇಶನ್ 5 ದಿನವೋ 5 ವಾರವೋ

ಆಪರೇಶನ್‌ಗೆ ಮುಂಚೆ ರೇಡಿಯೇಶನ್ ಬೇಕೆಂದರೆ ಎರಡು ಬಗೆ. ಒಂದು, ದಿನಕ್ಕೆ 5 ಗ್ರೇಯಂತೆ (ಗ್ರೇ ಎಂದರೆ ರೇಡಿಯೇಶನ್‌ನ ಅಳತೆ) 5 ದಿನ. ಇನ್ನೊಂದು, ಕೀಮೋ ಮಾತ್ರೆಯ ಜೊತೆ 25ರಿಂದ 28 ಸಲ, ವಾರಕ್ಕೆ 5 ದಿನ ಲೆಕ್ಕದಲ್ಲಿ 5 ವಾರದ ಮೇಲೆ. ಊರು ಬಿಟ್ಟು ಮೈಸೂರಿನಲ್ಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಸುತ್ತಮುತ್ತಲೋ ರೂಮು ಮಾಡಿಕೊಂಡು ಇರಬೇಕಾದ ಮನೆಗೆ ಇವೆರಡರ ನಡುವೆ ಭೂಮಿ ಆಕಾಶದ ಅಂತರ. ಬಹಳಷ್ಟು ರೋಗಿಗಳಿಗೆ ಚಿಕ್ಕದೂ ಸರಿಹೋಗುತ್ತದೆ. ಗಡ್ಡೆ ಹೊದಿಕೆಯ ಅಂಚನ್ನು ಮುಟ್ಟಿದ್ದರೆ ಉದ್ದದ್ದನ್ನೇ ಬಯಸುವ ಡಾಕ್ಟರುಗಳು ಹೆಚ್ಚು. "ನಮಗೆ ಐದು ದಿನದ್ದು ಆಗುತ್ತದಾ, ಇಲ್ಲವಾದರೆ ಯಾಕೆ" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನೂ ಮಕ್ಕಳಾಗಬೇಕಾದ ಪ್ರಾಯದವರು ರೇಡಿಯೇಶನ್‌ಗೆ ಮುಂಚೆಯೇ ಬಾಯಿ ಬಿಡಬೇಕು. ಗರ್ಭಕೋಶ, ಅಂಡಾಶಯ, ವೃಷಣಗಳಿಗೆ ಅದು ಹಾನಿ ಮಾಡುತ್ತದೆ. ವೀರ್ಯ ಶೇಖರಿಸಿಡಬಹುದು, ಅಂಡಾಶಯವನ್ನು ಮೇಲಕ್ಕೆ ಸರಿಸಿ ಹೊಲಿಯುವ ಉಪಾಯವೂ ಇದೆ. ಆಪರೇಶನ್‌ನಲ್ಲಿ ಮೂತ್ರ ಮತ್ತು ದಾಂಪತ್ಯಕ್ಕೆ ಸಂಬಂಧಪಟ್ಟ ನರಗಳಿಗೆ ಪೆಟ್ಟಾಗಬಹುದು. ಗಂಡ ಹೆಂಡತಿ ಇಬ್ಬರೂ ಕೂತು ಕೇಳಿ. ಅಣ್ಣ, ಮಾವ, ಊರ ಹಿರಿಯರೆಲ್ಲ ಸುತ್ತ ನಿಂತಿದ್ದರೆ ಅವರನ್ನು ಸ್ವಲ್ಪ ಹೊತ್ತು ಆಚೆ ಕಳಿಸಿ.

ದೊಡ್ಡ ಗಾಯವೋ, ತೂತಿನ ಆಪರೇಶನ್ನೋ, ರೋಬೋಟೋ

ಇಲ್ಲಿ ಜನ ಸುಮ್ಮನೆ ಸಾಲ ಮಾಡುತ್ತಾರೆ. ಕ್ಯಾನ್ಸರ್ ಮತ್ತೆ ಬಾರದಿರಲು ಮುಖ್ಯವಾದದ್ದು ಕೊಬ್ಬಿನ ಹೊದಿಕೆ ಹರಿಯದಂತೆ ಇಡಿಯಾಗಿ ತೆಗೆಯುವುದು. ಇಂಗ್ಲೆಂಡಿನ ಬಿಲ್ ಹೀಲ್ಡ್ 1982ರಲ್ಲಿ ಇದನ್ನು ಪ್ರಕಟಿಸಿದಾಗ ಮಾಡುತ್ತಿದ್ದದ್ದು ಹೊಟ್ಟೆ ತೆರೆದೇ. ಕಲರ್-2 ಎಂಬ ಅಧ್ಯಯನದ 2015ರ ವರದಿಯಲ್ಲಿ, 3 ವರ್ಷಕ್ಕೆ ಅದೇ ಜಾಗದಲ್ಲಿ ಮರುಕಳಿಸಿದ್ದು ಲ್ಯಾಪರೊಸ್ಕೋಪಿಯಲ್ಲೂ (ಅಂದರೆ ತೂತಿನ ಆಪರೇಶನ್) ತೆರೆದ ಆಪರೇಶನ್‌ನಲ್ಲೂ ನೂರಕ್ಕೆ 5. ಅದೇ ವರ್ಷ ಬಂದ ಇನ್ನೆರಡು ಅಧ್ಯಯನಗಳಿಗೆ, ಲ್ಯಾಪರೊಸ್ಕೋಪಿಯಲ್ಲಿ ತೆಗೆದ ತುಂಡಿನ ಗುಣಮಟ್ಟ ತೆರೆದ ಆಪರೇಶನ್‌ನದಕ್ಕೆ ಸಮ ಎಂದು ಸಾಬೀತು ಮಾಡಲು ಆಗಲಿಲ್ಲ. ರೋಬೋಟ್ ಬಗ್ಗೆ 2017ರಲ್ಲಿ ಬಂದ ರೋಲಾರ್ ಅಧ್ಯಯನದಲ್ಲಿ, ಅರ್ಧದಲ್ಲಿ ಹೊಟ್ಟೆ ತೆರೆಯಬೇಕಾಗಿ ಬರುವುದು ಲ್ಯಾಪರೊಸ್ಕೋಪಿಗಿಂತ ಗಣನೀಯವಾಗಿ ಕಡಿಮೆ ಎಂದು ಕಾಣಲಿಲ್ಲ.

ತೂತಿನ ಆಪರೇಶನ್‌ನಲ್ಲಿ ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ಕಾರ್ಡಿನಲ್ಲೇ ಸಿಕ್ಕಿ, ಮಾಡುವವರಿಗೆ ಗುದನಾಳದ ಅನುಭವ ಇದ್ದರೆ ಮಾಡಿಸಿಕೊಳ್ಳಿ. ಅದಕ್ಕಾಗಿ ಗದ್ದೆ ಅಡ ಇಡುವುದು ಬೇಡ. ಸರ್ಜನ್ ಈ ಆಪರೇಶನ್ ಎಷ್ಟು ಮಾಡಿದ್ದಾರೆ, ಜೊತೆಗೆ ರೇಡಿಯೇಶನ್ ಮತ್ತು ಕೀಮೋ ಡಾಕ್ಟರುಗಳು ಕೂತು ಚರ್ಚಿಸುತ್ತಾರೆಯೇ ಎಂಬುದನ್ನು ಯಂತ್ರದ ಹೆಸರಿಗಿಂತ ಮೊದಲು ಕೇಳಿ.

ದುಡ್ಡಿನ ಮಾತು

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾಗುತ್ತದೆ. ಮಂಡ್ಯದವರಿಗೆ ಮಿಮ್ಸ್, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ ಹತ್ತಿರದವು. ದುಡ್ಡು ಕಟ್ಟಿ ಅಡ್ಮಿಟ್ ಆದ ಮೇಲೆ ಕಾರ್ಡು ತೋರಿಸಿದರೆ ತೊಡಕಾಗುತ್ತದೆ, ಮೊದಲ ದಿನವೇ ಆರೋಗ್ಯಮಿತ್ರರನ್ನು (ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವವರು) ಹುಡುಕಿ.

ಅವರ ಹತ್ತಿರ ಬಿಡಿಬಿಡಿಯಾಗಿ ಕೇಳಿ. ರೇಡಿಯೇಶನ್ ಸೇರಿದೆಯೇ? ಕರುಳು ಜೋಡಿಸುವ ಸ್ಟೇಪ್ಲರ್ ಹೊರಗಿನಿಂದ ತರಬೇಕೇ? ಚೀಲ ಮುಚ್ಚುವ ಎರಡನೇ ಆಪರೇಶನ್ ಸೇರಿದೆಯೇ? ಮನೆಗೆ ಹೋದ ಮೇಲಿನ ಚೀಲಗಳಿಗೆ ಯಾರು ಕೊಡುತ್ತಾರೆ? ಒಂದು ಹಾಳೆಯಲ್ಲಿ ಎರಡು ಆಪರೇಶನ್‌ಗಳನ್ನು ಅಕ್ಕಪಕ್ಕ ಬರೆದು ಒಂದು ವರ್ಷದ ಲೆಕ್ಕ ಹಾಕಿ: ಎರಡನೇ ಆಪರೇಶನ್, ನಿಂತ ಕೂಲಿ, ಜೊತೆಗಿರುವವರ ಕೂಲಿ, ಓಡಾಟ, ಚೀಲ. ಒಂದು ಆಪರೇಶನ್ ಮೇಲ್ನೋಟಕ್ಕೆ ಅಗ್ಗ ಕಂಡು ವರ್ಷದ ಕೊನೆಗೆ ದುಬಾರಿ ಆಗಿರುತ್ತದೆ, ತಿರುಗಾಮುರುಗಾ ಕೂಡ ಆಗುತ್ತದೆ. ಕ್ಯಾನ್ಸರ್ ರೋಗಿಗೂ ಜೊತೆಗೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ, ಹಾಗಾಗಿ ಕೀಮೋ ಓಡಾಟಕ್ಕೆ ಮಗಳೋ ಸೊಸೆಯೋ ಜೊತೆಗಿದ್ದರೆ ಅಷ್ಟು ಉಳಿಯಿತು.

ಆಪರೇಶನ್‌ಗೆ ಮುಂಚಿನ ತಿಂಗಳು

ಬೀಡಿ, ಹೆಂಡ ನಿಲ್ಲಿಸಿ, ಕನಿಷ್ಠ 4 ವಾರ ಮುಂಚೆ. ಬೀಡಿ ಸೇದುವವರಲ್ಲಿ ಸೋರಿಕೆ ಹೆಚ್ಚು. ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಇಳಿದಿರುತ್ತದೆ, ಕಬ್ಬಿಣಾಂಶದ ಇಂಜೆಕ್ಷನ್ ಬೇಕೇ ಎಂದು ಕೇಳಿ. ಮೊಟ್ಟೆ, ಬೇಳೆ, ಹಾಲು, ಹುರುಳಿಕಾಳು ದಿನಾ ಹೊಟ್ಟೆಗೆ ಬೀಳಲಿ. ಕ್ಯಾನ್ಸರ್ ಎಂದು ಪಥ್ಯ ಹಿಡಿದು ಬರೀ ಗಂಜಿಯಲ್ಲಿ ಇಡುವ ಮನೆಗಳಿವೆ, ಅದು ಗಾಯ ಒಣಗಲು ಬಿಡುವುದಿಲ್ಲ. ಸಕ್ಕರೆ ಹತೋಟಿಗೆ ತನ್ನಿ, ದಿನಾ ನಡೆಯಿರಿ.

ರೋಗಿಗೆ ಹೇಳದೆ ಮುಚ್ಚಿಟ್ಟು ಆಪರೇಶನ್‌ಗೆ ತರುವುದನ್ನು ಮಾತ್ರ ಮಾಡಬೇಡಿ. ಎಚ್ಚರವಾಗಿ ಹೊಟ್ಟೆಯ ಮೇಲೆ ಕರುಳು ಕಂಡ ಯಜಮಾನರೊಬ್ಬರು ಗೋಡೆ ಕಡೆ ಮುಖ ಮಾಡಿ ದಿನಗಟ್ಟಲೆ ಮಾತಾಡಲಿಲ್ಲ. ಅವರ ದೇಹ, ತೀರ್ಮಾನದಲ್ಲಿ ಅವರ ಮಾತು ಮೊದಲು ಬರಬೇಕು. "ಆಪ್ರೇಸನ್ನೂ ಬ್ಯಾಡ ಚೀಲಾನೂ ಬ್ಯಾಡ, ಇರೋಗಂಟ ಇರ್ತೀನಿ" ಎನ್ನುವವರಿಗೆ ಈಗಾಗಲೇ ಚೀಲ ಇರುವ ಒಬ್ಬರನ್ನು ಭೇಟಿ ಮಾಡಿಸಿ. ವಾರ್ಡಿನ ನರ್ಸನ್ನು ಕೇಳಿದರೆ ಅವರ ಒಪ್ಪಿಗೆ ಪಡೆದು ಮಾತಾಡಿಸುತ್ತಾರೆ. ಡಾಕ್ಟರ ಅರ್ಧ ಗಂಟೆಯ ಮಾತಿಗಿಂತ ಅದು ಕೆಲಸ ಮಾಡುವುದನ್ನು ಕಂಡಿದ್ದೇನೆ.

ಆಪರೇಶನ್ ಆದ ಮೇಲೆ ತುಂಡಿನ ಬಯಾಪ್ಸಿ ವರದಿ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಕನಿಷ್ಠ 12 ಗ್ರಂಥಿ ಎಣಿಸಿದ್ದಾರೆಯೇ, ಸುತ್ತಲಿನ ಅಂಚು ಕ್ಯಾನ್ಸರ್‌ಮುಕ್ತವೇ, ಕೊಬ್ಬಿನ ಹೊದಿಕೆ ಪೂರ್ತಿ ಬಂದಿದೆಯೇ ಎಂದು ಡಾಕ್ಟರ ಹತ್ತಿರ ಓದಿಸಿ ಕೇಳಿ. ಕೀಮೋ ಬೇಕೋ ಬೇಡವೋ ಇದರ ಮೇಲೆ. ತಾತ್ಕಾಲಿಕ ಚೀಲ ಇದ್ದರೆ ಅದನ್ನು ಮುಚ್ಚುವ ತಿಂಗಳನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ, ಬರೆದಿದ್ದರೆ ಮುಂದಿನ ಸಲ ಹೋದಾಗ ಕೇಳುವುದಕ್ಕೆ ಹಿಡಿತ ಇರುತ್ತದೆ. ಮೊದಲ 2 ವರ್ಷ 3ರಿಂದ 6 ತಿಂಗಳಿಗೊಮ್ಮೆ ಸಿಇಎ ಮತ್ತು ತಪಾಸಣೆ, ವರ್ಷಕ್ಕೊಮ್ಮೆ ಸ್ಕ್ಯಾನ್, ಒಂದು ವರ್ಷಕ್ಕೆ ಕೊಲೊನೋಸ್ಕೋಪಿ, ಒಟ್ಟು 5 ವರ್ಷ. ರೋಗಿಯ ವಯಸ್ಸು 50ಕ್ಕಿಂತ ಕಡಿಮೆ ಇದ್ದರೆ ಒಡಹುಟ್ಟಿದವರೂ ಬೆಳೆದ ಮಕ್ಕಳೂ ಡಾಕ್ಟರನ್ನು ಕಂಡು ತಮಗೆ ಕೊಲೊನೋಸ್ಕೋಪಿ ಯಾವಾಗ ಬೇಕು ಎಂದು ಕೇಳಲಿ, ರಕ್ತ ಬೀಳುವವರೆಗೆ ಕಾಯುವುದು ಬೇಡ.